ಗಾಳಿಗಾಗಿ ಕಟ್ಟಿದ ಬಡಾವಣೆ

ನಮ್ಮ ಮಲ್ಲೇಶ್ವರದ ಮನೆಯ ಹಿತ್ತಲ ಬಾಗಿಲು ತೆರೆದರೆ ಒಂದು ಸಣ್ಣ ಗಲ್ಲಿ. ಮನೆಯವರೆಲ್ಲ ಅದನ್ನು ‘ಕನ್ಸರ್ವೆನ್ಸಿ’ ಎನ್ನುತ್ತೇವೆ. ಮದುವೆಯಾಗಿ ಬಂದ ಹೊಸದರಲ್ಲಿ ನನಗೆ ಆ ಹೆಸರಿನ ಅರ್ಥವೂ ಗೊತ್ತಿರಲಿಲ್ಲ, ಉಪಯೋಗವೂ ಗೊತ್ತಿರಲಿಲ್ಲ. ಇಷ್ಟು ಜಾಗ ಸುಮ್ಮನೆ ದಂಡವಾಯಿತಲ್ಲ ಎಂದು ಒಮ್ಮೆ ಬಾಯಿಬಿಟ್ಟೆ. ‘ದಂಡ ಅಲ್ಲ ಕಣಮ್ಮಾ, ಮನೆ ಉಸಿರಾಡೋದೇ ಅಲ್ಲಿಂದ’ ಎಂದು ಅತ್ತೆ ನಕ್ಕುಬಿಟ್ಟರು.

ಈಗ ಅತ್ತೆ ಇಲ್ಲ. ಮನೆ ಕೆಡವಿ ಫ್ಲಾಟು ಕಟ್ಟುವ ಮಾತು ನಡೆದಿದೆ. ಬಿಲ್ಡರ್ ತಂದಿಟ್ಟ ಕರಾರು ಪತ್ರ ಮೂರು ವಾರ ದೇವರ ಗೂಡಿನ ಕೆಳಗೇ ಇತ್ತು. ಅದನ್ನು ನೋಡಿದಾಗಲೆಲ್ಲ ಅತ್ತೆ ಹೇಳುತ್ತಿದ್ದ ಪ್ಲೇಗಿನ ಕಥೆ ನೆನಪಾಗುತ್ತಿತ್ತು.

ಆ ಕಥೆ ಅವರು ತಮ್ಮ ಅತ್ತೆಯಿಂದ ಕೇಳಿದ್ದು. 1898ರ ಆಗಸ್ಟಿನಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ‘ಇಲಿ ಬಿತ್ತು’ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಒಲೆಯ ಮೇಲಿನ ಅನ್ನವನ್ನೂ ಬಿಟ್ಟು ಜನ ಊರಾಚೆಯ ಬಯಲಿಗೆ ಓಡುತ್ತಿದ್ದರಂತೆ. ಪೇಟೆಯಲ್ಲಿ ಗೋಡೆಗೆ ಗೋಡೆ ತಾಗಿದ ಮನೆಗಳು, ಬೆಳಕು ಕಾಣದ ಕೋಣೆಗಳು, ಪಕ್ಕದಲ್ಲೇ ದವಸದ ಮೂಟೆಗಳು. ರೋಗಕ್ಕೆ ಬೇರೆ ದಾರಿಯೇ ಬೇಕಿರಲಿಲ್ಲ. ಊರಿನಲ್ಲಿ ಇಂದಿಗೂ ಪ್ಲೇಗಮ್ಮನ ಗುಡಿಗಳಿವೆ. ಆ ಭಯ ಎಷ್ಟಿತ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಪೇಟೆಯ ಇಕ್ಕಟ್ಟನ್ನು ಸಡಿಲಿಸಬೇಕೆಂದು ಮೈಸೂರು ಸರ್ಕಾರ ಪಟ್ಟು ಹಿಡಿದದ್ದು ಆಗಲೇ. ವಿ.ಪಿ. ಮಾಧವರಾಯರು ಪ್ಲೇಗ್ ಕಮಿಷನರ್ ಆಗಿದ್ದರು. ಬಸವನಗುಡಿ, ಮಲ್ಲೇಶ್ವರ ಬೆಳೆದದ್ದು ಹಾಗೆ. ದಂಡಿನ ಕಡೆ ಫ್ರೇಜರ್ ಟೌನ್ ಹುಟ್ಟಿದ್ದೂ ಮುಂದೆ ಇದೇ ಕಾರಣಕ್ಕೆ. ನೇರ ರಸ್ತೆ, ಮನೆಯ ಸುತ್ತ ಬಯಲು, ಹಿಂದೆ ಕನ್ಸರ್ವೆನ್ಸಿ ಗಲ್ಲಿ, ನಡುನಡುವೆ ಪಾರ್ಕು. ಹೊಲಸು ಗಾಳಿಯಿಂದ ರೋಗ ಬರುತ್ತದೆ, ಗಾಳಿ ಓಡಾಡಿದರೆ ರೋಗ ಓಡಿಹೋಗುತ್ತದೆ ಎಂಬುದು ಆಗ ಬಹಳ ಜನರ ನಂಬಿಕೆ.

ನಂಬಿಕೆ ತಪ್ಪಾಗಿತ್ತು ನೋಡಿ. ಪ್ಲೇಗಿನ ರೋಗಾಣುವನ್ನು ಯೆರ್ಸಿನ್ ಎಂಬ ವಿಜ್ಞಾನಿ 1894ರಲ್ಲೇ ಹಾಂಗ್‌ಕಾಂಗಿನಲ್ಲಿ ಗುರುತಿಸಿದ್ದರು. ಅದು ಇಲಿಯ ಚಿಗಟದಿಂದ ಹರಡುತ್ತದೆಂದು ಸಿಮೊಂಡ್ ಕರಾಚಿಯಲ್ಲಿ ಕಂಡುಕೊಂಡದ್ದು ಬೆಂಗಳೂರಿಗೆ ಪ್ಲೇಗು ಬಂದ ವರ್ಷವೇ. ಆದರೆ ಕಾರಣ ತಪ್ಪಿದ್ದರೂ ಮದ್ದು ಕೆಲಸ ಮಾಡಿತು. ಬೆಳಕು, ಬಯಲು ಇರುವ ಮನೆಯಲ್ಲಿ ಇಲಿಗೆ ಅಡಗಲು ಜಾಗ ಕಡಿಮೆ.

ಇನ್ನೊಂದು ಮಾತನ್ನೂ ಮರೆಯಬಾರದು. ಆ ಗಲ್ಲಿ ನಮಗೆ ಉಸಿರಾಯಿತು, ನಿಜ. ಆದರೆ ಅದನ್ನು ಮಾಡಿದ್ದು ಮಲದ ಬುಟ್ಟಿ ಹೊತ್ತವರು ಯಾರ ಕಣ್ಣಿಗೂ ಬೀಳದೆ ಬಂದು ಹೋಗಲಿ ಎಂದು. ಮಲ ಹೊರುವ ಪದ್ಧತಿಯನ್ನು ನಿಷೇಧಿಸುವ ಕಾನೂನು ಬರಲು 1993ರ ತನಕ ಕಾಯಬೇಕಾಯಿತು. ನಮ್ಮ ಮನೆಗೆ ಒಳ್ಳೆಯ ಗಾಳಿ ಬಂದದ್ದಕ್ಕೆ ಇನ್ನೊಬ್ಬರು ಬೆಲೆ ತೆತ್ತಿದ್ದಾರೆ.

ಮುಂದೆ 1908ರ ಹೊತ್ತಿಗೆ ಲಾಲ್‌ಬಾಗಿಗೆ ಜರ್ಮನಿಯ ಕೃಂಬಿಗಲ್ ಬಂದರು. ಒಂದು ಜಾತಿಯ ಹೂ ಉದುರುವಷ್ಟರಲ್ಲಿ ಇನ್ನೊಂದು ಅರಳುವಂತೆ ರಸ್ತೆಬದಿಗೆ ಮರಗಳನ್ನು ಆರಿಸಿದವರು ಅವರು. ನಾವು ಅದನ್ನು ಚೆಲುವು ಎಂದುಕೊಂಡೆವು. ಆದರೆ ಬೆಂಗಳೂರಿನ ರಸ್ತೆಗಳನ್ನೇ ಅಳೆದು 2013ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳುವುದೇನೆಂದರೆ, ಮರವಿರುವ ರಸ್ತೆಯಲ್ಲಿ ಮಧ್ಯಾಹ್ನದ ಗಾಳಿ 5.6 ಡಿಗ್ರಿಯವರೆಗೆ ತಂಪಾಗಿರುತ್ತದಂತೆ. ಚೆಲುವಿನ ಜೊತೆಗೆ ಛತ್ರಿಯನ್ನೂ ಕೊಟ್ಟು ಹೋಗಿದ್ದರು ಪುಣ್ಯಾತ್ಮ!

ಆಮೇಲೆ ನಾವು ಮಾಡಿದ್ದೇನು? ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕ್ರೀಡಾಂಗಣವಾಯಿತು. ಊರು ಬೆಳೆಯಲೇಬೇಕು, ಅದರಲ್ಲಿ ತಪ್ಪಿಲ್ಲ. ಹಳೆಯ ಬಡಾವಣೆಗಳಲ್ಲಿ ಒಂದು ಮನೆಯಿದ್ದಲ್ಲಿ ಎಂಟು ಸಂಸಾರ ಬಂದರೆ ಊರಾಚೆಯ ಹೊಲ ಉಳಿಯುತ್ತದೆ ಎಂಬ ವಾದವೂ ಸರಿಯೇ. ಆದರೆ ಬೆಳೆಯುವಾಗ ಮೊದಲು ಮರೆತದ್ದು ಗಾಳಿಯನ್ನು.

2019ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮ ಹಾಕಿಕೊಂಡಿತು. ಗಾಳಿಯ ಗುಣಮಟ್ಟ ಮಾನದಂಡ ಮುಟ್ಟದ ಊರುಗಳ ಪಟ್ಟಿಯಲ್ಲಿ ನಮ್ಮ ರಾಜ್ಯದವು ನಾಲ್ಕು: ಬೆಂಗಳೂರು, ದಾವಣಗೆರೆ, ಕಲಬುರಗಿ, ಹುಬ್ಬಳ್ಳಿ–ಧಾರವಾಡ. ದೂಳನ್ನು 2025–26ರ ಹೊತ್ತಿಗೆ ನೂರಕ್ಕೆ 40ರಷ್ಟು ಇಳಿಸಬೇಕೆಂದು ಆಮೇಲೆ ಗುರಿ ಏರಿಸಿದರು. 2023ರ ನವೆಂಬರಿನಲ್ಲಿ ಅಂದಿನ ಬೆಂಗಳೂರು ಮಹಾನಗರ ಪಾಲಿಕೆ ಹವಾಮಾನ ಯೋಜನೆಯನ್ನೂ ಹೊರತಂದಿತು. ಎಲ್ಲಿ ಎಷ್ಟು ಮಹಡಿ, ಎಷ್ಟು ಜಾಗ ಬಿಡಬೇಕು ಎಂದು ಹೇಳುವುದು ಮಾತ್ರ ಬೇರೊಂದು ಕಡತ. 2007ರಲ್ಲಿ ಒಪ್ಪಿಗೆಯಾದ ಮಹಾಯೋಜನೆ 2015ರವರೆಗಿನದು. 2031ರದ್ದಕ್ಕೆ ಮಾಡಿದ ಕರಡನ್ನು ಹಿಂತೆಗೆದುಕೊಂಡರು. ಗಾಳಿಯ ಲೆಕ್ಕ ಒಂದು ಕಚೇರಿಯಲ್ಲಿ, ಕಟ್ಟಡದ ಲೆಕ್ಕ ಇನ್ನೊಂದರಲ್ಲಿ. ಅಡುಗೆ ಒಬ್ಬರು ಮಾಡಿ ಉಪ್ಪು ಇನ್ನೊಬ್ಬರು ಹಾಕುವ ಮನೆಯ ಊಟ ಹೇಗಿರುತ್ತದೆಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಈ ಲೆಕ್ಕ ನಮ್ಮ ಮನೆಯೊಳಗೂ ಬಂತು. ಹೋದ ಬೇಸಿಗೆಯಲ್ಲಿ ಪಕ್ಕದ ಮನೆ ಕೆಡವಿದರು. ಪರದೆಯೂ ಕಟ್ಟಲಿಲ್ಲ, ನೀರೂ ಹೊಡೆಯಲಿಲ್ಲ. ಒಣಹಾಕಿದ ಬಟ್ಟೆ ಸಂಜೆಯ ಹೊತ್ತಿಗೆ ಬೂದಿ ಬಣ್ಣ. ಆರು ವರ್ಷದ ಮೊಮ್ಮಗಳಿಗೆ ಉಬ್ಬಸ ಹತ್ತಿಕೊಂಡು ಎರಡು ರಾತ್ರಿ ನೆಬ್ಯುಲೈಸರ್ ಹಿಡಿದು ಕೂತೆವು. ‘ಅಜ್ಜೀ, ಕಿಟಕಿ ತೆಗಿ’ ಎಂದು ಮಗು ಹೇಳಿದರೆ ತೆಗೆಯುವ ಹಾಗಿಲ್ಲ. ಕಿಟಕಿ ತೆಗೆಯಲೆಂದೇ ಕಟ್ಟಿದ ಬಡಾವಣೆಯಲ್ಲಿ!

ನಾನು ಸಹಿ ಹಾಕಿದೆ. ಸುಳ್ಳು ಹೇಳಲಾರೆ. ನಾದಿನಿಗೆ ಅವಳ ಪಾಲು ಬೇಕು, ನಮ್ಮವರಿಗೆ ಮೆಟ್ಟಿಲು ಹತ್ತಲಾಗದು, ತಾರಸಿ ಸೋರುತ್ತದೆ. ಆದರೆ ಸಹಿಗೆ ಮೊದಲು ಕರಾರಿನಲ್ಲಿ ನಾಲ್ಕು ಸಾಲು ಸೇರಿಸಿಸಿದೆ. ಕೆಡವುವಾಗ ಹಸಿರು ಪರದೆ ಕಟ್ಟಿ ನೀರು ಹೊಡೆಯಬೇಕು. ಕಟ್ಟಡದ ಕಸವನ್ನು ನಿಯಮದಂತೆ ಸಾಗಿಸಬೇಕು. ಹಿತ್ತಲ ಮಾವಿನ ಮರ ಕಡಿಯಬಾರದು. ಗಲ್ಲಿಯ ಕಡೆ ಬಿಟ್ಟ ಜಾಗದಲ್ಲಿ ಕಾರು ನಿಲ್ಲಿಸಬಾರದು. ‘ಮೇಡಂ, ಇದನ್ನೆಲ್ಲ ಯಾರೂ ಕೇಳಲ್ಲ’ ಎಂದ ಬಿಲ್ಡರ್. ‘ಕೇಳದೆ ಇದ್ದದ್ದಕ್ಕೇ ಈಗ ಹೀಗಾಗಿದೆ ಕಣಪ್ಪಾ’ ಎಂದೆ. ಅರ್ಧ ಗಂಟೆ ಸುಮ್ಮನೆ ಕೂತು, ಕೊನೆಗೆ ಒಪ್ಪಿದ.

ನಾಲ್ಕು ಸಾಲಿನಿಂದ ಊರಿನ ಗಾಳಿ ಬದಲಾಗುವುದಿಲ್ಲ, ನನಗೆ ಗೊತ್ತು. ಪ್ಲೇಗಿನ ಕಾಲದಲ್ಲಿ ಒಂದೊಂದೇ ಮನೆ ಬೇಡಿದ್ದರೆ ಮಲ್ಲೇಶ್ವರ ಆಗುತ್ತಿರಲಿಲ್ಲ. ಸರ್ಕಾರವೇ ಗಾಳಿಯನ್ನು ಮುಂದಿಟ್ಟುಕೊಂಡು ನಕ್ಷೆ ಬರೆಯಿತು. ಆಗ ತಿಳಿವಳಿಕೆ ಕಡಿಮೆಯಿತ್ತು, ಭಯ ಹೆಚ್ಚಿತ್ತು. ಈಗ ತಿಳಿವಳಿಕೆ ಬೇಕಾದಷ್ಟಿದೆ. ನಿಮ್ಮ ಬೀದಿಯಲ್ಲೂ ಹಳೆಯ ಮನೆ ಕೆಡವುವ ಮಾತು ಬಂದರೆ ಅಡಿಗೆ ಎಷ್ಟು ರೇಟು ಎಂದು ಕೇಳುವ ಜೊತೆಗೆ, ಹಿತ್ತಲ ಬಾಗಿಲು ಎತ್ತ ತೆರೆಯುತ್ತದೆ ಎಂದೂ ಒಮ್ಮೆ ಕೇಳಿ.