ಸೂರಿನ ಪದಗಳು ಮತ್ತು ನಾನು ಹೇಳಿಕೊಟ್ಟ ಒಂದು ತಪ್ಪು

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಈಗ ಆತ ಕಟ್ಟಡ ಗುತ್ತಿಗೆದಾರ. ನಾನು ಬಹುಕಾಲ ಪಾಠ ಮಾಡಿದ ಶಾಲೆಯ ಹಂಚಿನ ಮಾಡನ್ನು ತೆಗೆದು ತಗಡಿನ ಶೀಟು ಹಾಕಿಸಲು ಹಳೆಯ ವಿದ್ಯಾರ್ಥಿಗಳು ನಿಶ್ಚಯಿಸಿದ್ದಾರೆ. ಆ ಕೆಲಸ ಅವನ ಪಾಲಿಗೆ ಬಂದಿದೆ. ಖರ್ಚಿನ ಪಟ್ಟಿಯನ್ನು ನನ್ನ ಕೈಗಿತ್ತ. ಟ್ರಸ್, ಪರ್ಲಿನ್, ರಿಡ್ಜ್ ಕ್ಯಾಪ್, ಗಟರ್, ಸೆಲ್ಫ್ ಡ್ರಿಲ್ಲಿಂಗ್ ಸ್ಕ್ರೂ. ಪಟ್ಟಿಯಲ್ಲಿ ಒಂದೂ ನಮ್ಮ ಪದವಿರಲಿಲ್ಲ.

"ಪಕ್ಕಾಸು, ರೀಪು ಎಲ್ಲಿ ಹೋದವಪ್ಪಾ?" ಎಂದೆ.

"ಅವು ಬೇಕಾಗುವುದಿಲ್ಲ ಸರ್. ಶೀಟು ನೇರವಾಗಿ ಪರ್ಲಿನ್ ಮೇಲೆ ಕೂರುತ್ತದೆ" ಎಂದ.

ಬಳಿಕ ಹೊಸ ಫಲಕದ ಬರಹವನ್ನು ತೋರಿಸಿದ. ಅದರಲ್ಲಿ 'ಸ್ಥಾಪನೆ 1865' ಎಂದಿತ್ತು. ಅದನ್ನು ಕಂಡು ನಾನು ಬೆಚ್ಚಿದೆ. ಆ ತಪ್ಪಿನ ಮೂಲ ನಾನೇ. ಈ ಲೇಖನ ಬರೆಯಲು ಅದೇ ಕಾರಣ.

1988ರ ಮಳೆಗಾಲದಲ್ಲಿ ತರಗತಿಯ ಅಂಗಳಕ್ಕೆ ಹಂಚೊಂದು ಜಾರಿ ಬಿದ್ದಿತ್ತು. ಒಂಬತ್ತನೆಯ ತರಗತಿಯ ಹುಡುಗನೊಬ್ಬ ಅದನ್ನೆತ್ತಿಕೊಂಡು ಬಂದು, ಒಳಮೈಯಲ್ಲಿ ಉಬ್ಬಿ ನಿಂತಿದ್ದ ಬಾಸೆಲ್ ಮಿಷನ್ನಿನ ಹೆಸರನ್ನೂ 1865 ಎಂಬ ಅಂಕಿಗಳನ್ನೂ ತೋರಿಸಿ, "ಸರ್, ನಮ್ಮ ಶಾಲೆಗೆ ನೂರಿಪ್ಪತ್ತಮೂರು ವರ್ಷ ಆಯಿತಲ್ಲವೇ?" ಎಂದು ಕೇಳಿದ. ಚರಿತ್ರೆಯನ್ನು ಕಣ್ಣಾರೆ ಕಂಡ ಹುಡುಗನೆಂದು ಹಿಗ್ಗಿ, "ಹೌದು" ಎಂದುಬಿಟ್ಟೆ, ಬೆನ್ನು ತಟ್ಟಿದೆ. ಆ ಹುಡುಗನೇ ಈ ಗುತ್ತಿಗೆದಾರ.

ನಿಜವೇನೆಂದರೆ ಆ ಇಸವಿ ಹಂಚು ಸುಟ್ಟ ವರ್ಷದ್ದಲ್ಲ, ಕಾರ್ಖಾನೆ ಹುಟ್ಟಿದ ವರ್ಷದ್ದು. ಅಚ್ಚಿನಲ್ಲಿಯೇ ಕೊರೆದಿದ್ದುದರಿಂದ, ಎಷ್ಟೋ ವರ್ಷಗಳ ಅನಂತರ ಒತ್ತಿದ ಹಂಚಿನ ಮೇಲೂ ಅದೇ ಇಸವಿ ಮೂಡುತ್ತಿತ್ತು. ನಮ್ಮ ಶಾಲೆಯ ಕಟ್ಟಡ ಎದ್ದದ್ದು 1911ರಲ್ಲಿ. ಹಳೆಯ ದಾಖಲೆ ಪುಸ್ತಕವನ್ನು ಈಗ ತರಿಸಿ ನೋಡಿದೆ.

ಆ ಕಾರ್ಖಾನೆಯ ಕಥೆಯನ್ನೂ ನಾನು ಸರಿಯಾಗಿ ಹೇಳಿರಲಿಲ್ಲ. ಬಾಸೆಲ್ ಮಿಷನ್ ಮಂಗಳೂರಿಗೆ ಬಂದದ್ದು 1834ರಲ್ಲಿ. ಅದರ ಮುದ್ರಣಾಲಯ, 1843ರ 'ಮಂಗಳೂರ ಸಮಾಚಾರ', 1894ರ ಕಿಟ್ಟೆಲರ ನಿಘಂಟು, ಇವನ್ನೆಲ್ಲ ನಿಮಗೆ ಬಾಯಿಪಾಠ ಮಾಡಿಸಿದೆ. ನಮ್ಮ ತಲೆಯ ಮೇಲಿದ್ದುದನ್ನು ಮಾತ್ರ ಬಿಟ್ಟೆ. ಮತಾಂತರಗೊಂಡು ಕುಲಕಸುಬನ್ನೂ ಬಂಧುಗಳ ಆಸರೆಯನ್ನೂ ಕಳೆದುಕೊಂಡವರಿಗೆ ಉದ್ಯೋಗ ಬೇಕಾಗಿತ್ತು. ನೇತ್ರಾವತಿ, ಗುರುಪುರ ನದಿಗಳ ದಂಡೆಯಲ್ಲಿ ಒಳ್ಳೆಯ ಜೇಡಿಮಣ್ಣಿತ್ತು. ಜರ್ಮನಿಯ ಜಾರ್ಜ್ ಪ್ಲೆಬ್ಸ್ಟ್ ಎಂಬವರು 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ಆರಂಭಿಸಿದರು. ಮೊದಲಿಗೆ ಇಬ್ಬರು ಆಳು, ಒಂದು ಜೊತೆ ಎತ್ತು; ದಿನಕ್ಕೆ 560 ಹಂಚು.

ಅದಕ್ಕೆ ಮೊದಲು ನಮ್ಮಲ್ಲಿ ಹಂಚೇ ಇರಲಿಲ್ಲವೆಂದಲ್ಲ. ಬಡವರಿಗೆ ಮುಳಿಹುಲ್ಲು, ಅಡಕೆಯ ಸೋಗೆ. ಅನುಕೂಲಸ್ಥರಿಗೆ ಕುಂಬಾರನ ನಾಡಹಂಚು. ತಿಗರಿಯ ಮೇಲೆ ಕೊಳವೆಯಂತೆ ಎತ್ತಿ, ಉದ್ದಕ್ಕೆ ಸೀಳಿ ಸುಟ್ಟರೆ ಎರಡು ನಾಡಹಂಚು. ಒಂದು ಸಾಲು ಅಂಗಾತ, ಅದರ ಮೇಲೊಂದು ಸಾಲು ಬೋರಲು. ಕೆಳಗಿನದರಲ್ಲಿ ನೀರು ಹರಿಯುತ್ತಿತ್ತು. ಅವು ಒಂದನ್ನೊಂದು ಹಿಡಿದುಕೊಳ್ಳುತ್ತಿರಲಿಲ್ಲವಾದ್ದರಿಂದ ಪ್ರತಿವರ್ಷವೂ ಮಳೆಗೆ ಮುನ್ನ ಮಾಡು ಹತ್ತಿ ಸರಿಪಡಿಸಬೇಕಾಗಿತ್ತು. ಹೊಸ ಹಂಚಿನ ವಿಶೇಷವಿದ್ದದ್ದು ಅದರ ಅಂಚಿನ ಗಾಡಿಯಲ್ಲಿ. ಒಂದರ ಏಣು ಇನ್ನೊಂದರ ಗಾಡಿಯಲ್ಲಿ ಕೂರುತ್ತದೆ. ಬೆನ್ನಿನ ಕೆಳಗಿನ ಸಣ್ಣ ಮೂಗು ರೀಪಿಗೆ ಸಿಕ್ಕಿಕೊಳ್ಳುತ್ತದೆ. ಹೀಗೆ ಕೊಂಡಿಗೂಡುವ ಹಂಚಿಗೆ ಆಲ್ಸೇಸ್ ಪ್ರಾಂತದ ಗಿಲಾರ್ದೊನಿ ಸಹೋದರರು 1841ರಲ್ಲಿಯೇ ಹಕ್ಕುಪತ್ರ ಪಡೆದಿದ್ದರು. ಯೂರೋಪಿನ ಆ ಉಪಾಯ ನಮ್ಮ ನದಿಯ ಮಣ್ಣಿನೊಡನೆ ಸೇರಿ 'ಮಂಗಳೂರು ಹಂಚು' ಆಯಿತು. ಹಡಗೇರಿ ಶ್ರೀಲಂಕಾ, ಬರ್ಮಾ, ಪೂರ್ವ ಆಫ್ರಿಕಾಗಳವರೆಗೂ ಹೋಯಿತು. ಮೊದಲನೆಯ ಮಹಾಯುದ್ಧದಲ್ಲಿ ಮಿಷನ್ನಿನ ಉದ್ಯಮಗಳು ಬ್ರಿಟಿಷರ ವಶವಾಗಿ, ಬಳಿಕ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಸಂಸ್ಥೆಗೆ ಸಂದವು.

ಇನ್ನು ಪದಗಳ ಮಾತು. ಶುದ್ಧ ಕನ್ನಡವೆಂದು ನಾನು ಹಟ ಹಿಡಿದ 'ರೀಪು' ಎಲ್ಲಿಯದು? ಪೋರ್ಚುಗೀಸ್ ಭಾಷೆಯಲ್ಲಿ 'ರಿಪಾ' ಎಂದರೆ ಮರದ ತೆಳುಪಟ್ಟಿ. 1886ರಲ್ಲಿ ಪ್ರಕಟವಾದ ಹಾಬ್ಸನ್-ಜಾಬ್ಸನ್ ಎಂಬ ಆಂಗ್ಲೋ-ಇಂಡಿಯನ್ ನಿಘಂಟು ಈ ಪದ ಹಿಂದಿಯಲ್ಲಿ ಸಿಗದೆ ಮರಾಠಿಯ 'ರೀಪ'ದ ಕಡೆಗೆ ಬೆರಳು ತೋರಿಸಿದೆ. ಮಾಡು ಕಟ್ಟುವ 'ಮೇಸ್ತ್ರಿ'ಯೂ ಪೋರ್ಚುಗೀಸಿನ 'ಮೆಸ್ತ್ರೆ'. ಆದರೆ ಜಂತಿ, ತೊಲೆ, ಸೂರು, ಹಂಚು ಇವು ನಾವು ಬಹುಕಾಲದಿಂದ ಬಳಸಿಕೊಂಡು ಬಂದವು. ಅಂದರೆ ಒಂದೇ ಮಾಡಿನ ಕೆಳಗೆ ಕುಂಬಾರ, ಬಡಗಿ, ಪೋರ್ಚುಗೀಸ್ ನಾವಿಕ, ಜರ್ಮನ್ ಪಾದ್ರಿ ಎಲ್ಲರೂ ಕೂಡಿ ಬಾಳಿದ್ದಾರೆ. ಹಾಗಿರುವಾಗ ಟ್ರಸ್, ಪರ್ಲಿನ್‌ಗಳನ್ನು ಪರಕೀಯರೆಂದು ಹೊರಗಟ್ಟಲು ನಾನಾರು?

ತಗಡಿಗೂ ಅದರದೇ ಚರಿತ್ರೆಯಿದೆ. ಲಂಡನ್ನಿನ ಹಡಗುಕಟ್ಟೆಯ ಎಂಜಿನಿಯರ್ ಹೆನ್ರಿ ರಾಬಿನ್ಸನ್ ಪಾಮರ್ 1829ರಲ್ಲಿ ಕಬ್ಬಿಣದ ತಗಡಿಗೆ ಅಲೆಯಂತೆ ಮಡಿಕೆ ಕೊಟ್ಟರು. ಮಡಿಕೆ ಬಿದ್ದ ತೆಳುತಗಡು ತನ್ನ ಭಾರವನ್ನು ತಾನೇ ಹೊರುವಷ್ಟು ಗಟ್ಟಿಯಾಗುತ್ತದೆ. 1837ರಲ್ಲಿ ಫ್ರಾನ್ಸಿನ ಸೊರೆಲ್ ಅದಕ್ಕೆ ಸತುವಿನ ಲೇಪ ಕೊಡುವ ವಿಧಾನಕ್ಕೆ ಹಕ್ಕುಪತ್ರ ಪಡೆದರು; ತುಕ್ಕಿನ ಕಾಟ ತಗ್ಗಿತು. ಮರ ದುಬಾರಿ, ಹಂಚು ಹೊದಿಸಬಲ್ಲ ಕೈಗಳು ವಿರಳ, ಮಂಗಗಳ ಹಾವಳಿ ಬೇರೆ. ಹಂಚಿನ ಕಾರ್ಖಾನೆಗಳು ಕೂಡ ಹಲವು ಮುಚ್ಚಿವೆ. ಶೀಟು ಬೇಡವೆನ್ನಲು ನನ್ನಲ್ಲಿ ನ್ಯಾಯವಾದ ಕಾರಣವಿಲ್ಲ. ಮಳೆ ಬಂದಾಗ ಅದರ ಸದ್ದಿಗೆ ಮೇಷ್ಟರ ಪಾಠ ಕೇಳಿಸದು ಎಂದಷ್ಟೇ ಹೇಳಿದೆ. ಒಳಗೆ ಮುಚ್ಚಿಗೆ ಹಾಕಿಸುವುದಾಗಿ ಆತ ಒಪ್ಪಿಕೊಂಡ.

ಬಳಿಕ ನನ್ನ ತಪ್ಪನ್ನು ಹೇಳಿದೆ. ಆತ ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಕ್ಕಳಿಗೆಲ್ಲ ಹಾಗೆಯೇ ಹೇಳಿಬಿಟ್ಟಿದ್ದೇನೆ ಸರ್" ಎಂದ. ಆ ಮಾತು ಬಯ್ಗುಳಕ್ಕಿಂತ ಹೆಚ್ಚು ನಾಟಿತು. ಮೇಷ್ಟರ ತಪ್ಪು ಮೇಷ್ಟರಲ್ಲಿಯೇ ನಿಲ್ಲುವುದಿಲ್ಲ.

ಫಲಕದಲ್ಲಿ ಈಗ 1911 ಎಂದೇ ಕೆತ್ತಿಸುತ್ತಾರೆ. ಅದರ ಪಕ್ಕದಲ್ಲಿ ಹಳೆಯ ಹಂಚೊಂದನ್ನು, 1865 ಕಾಣುವಂತೆ ಮಗುಚಿ, ಗೋಡೆಗೆ ಕೂರಿಸಲು ಕೇಳಿಕೊಂಡಿದ್ದೇನೆ. ಎರಡು ಇಸವಿಗಳೇಕೆ ಎಂದು ಮುಂದೊಂದು ದಿನ ಯಾವುದಾದರೂ ಮಗು ಕೇಳೀತು. ಅಂದಿನ ಮೇಷ್ಟರು ನನ್ನಂತೆ ಅವಸರಪಡದಿರಲಿ. 1988ರಲ್ಲಿ ಆ ತರಗತಿಯಲ್ಲಿದ್ದವರೆಲ್ಲ ದಯವಿಟ್ಟು ತಿದ್ದಿಕೊಳ್ಳಿ.