ಚಳಿಗಾಲದ ಬಿಯರಿನಲ್ಲಿ ಉಳಿದ ಸಂಬಾರ

ಮಧ್ಯಯುಗದ ಪಶ್ಚಿಮ ನಾರ್ವೆಯಲ್ಲಿ ಜಾರಿಯಲ್ಲಿದ್ದ ಗುಲಾಟಿಂಗ್ ಕಾನೂನಿನಲ್ಲಿ ಒಂದು ಅಪರೂಪದ ವಿಧಿಯಿದೆ. ಕ್ರಿಸ್‌ಮಸ್ ರಾತ್ರಿಗೆ ಗೃಹಸ್ಥರು ಬಿಯರ್ ತಯಾರಿಸಿರಬೇಕು; ಅದನ್ನು ಕ್ರಿಸ್ತನಿಗೂ ಮೇರಿಗೂ ಅರ್ಪಿಸಿ ಒಳ್ಳೆಯ ಬೆಳೆ ಮತ್ತು ಶಾಂತಿಯನ್ನು ಬೇಡಬೇಕು; ತಪ್ಪಿದವರು ಬಿಷಪ್ಪನಿಗೆ ದಂಡ ತೆರಬೇಕು. ಕುಡಿಯಬೇಡಿ ಎನ್ನುವ ಶಾಸನಗಳನ್ನು ಬಲ್ಲ ನಮಗೆ ಇದು ಸೋಜಿಗವೆನಿಸುತ್ತದೆ. ಆದರೆ ಸುಗ್ಗಿ ಮುಗಿದು ಕಣಜ ತುಂಬಿದ್ದ, ತಂಪಿನಲ್ಲಿ ಹುದುಗು ಕೆಡದಿದ್ದ ಆ ಕಾಲದಲ್ಲಿ ಚಳಿಗಾಲದ ಬಿಯರ್ ಹಬ್ಬದ ಅಡುಗೆಯಂತೆ ಮನೆಯ ಕರ್ತವ್ಯವಾಗಿತ್ತು.

ಅಂದಿನ ಬಿಯರಿನ ರುಚಿಯೂ ಬೇರೆ. ಉತ್ತರ ಯುರೋಪಿನ ಬಹುಭಾಗದಲ್ಲಿ ಕಹಿಗಾಗಿ ಹಾಪ್ಸ್ ಹೂವಿನ ಬದಲು ‘ಗ್ರೂಟ್’ ಎಂಬ ಗಿಡಮೂಲಿಕೆಗಳ ಮಿಶ್ರಣವನ್ನು ಬಳಸುತ್ತಿದ್ದರು. ಅದನ್ನು ಮಾರುವ ಹಕ್ಕು ಬಿಷಪ್ಪರದೋ ಸಾಮಂತರದೋ ಆಗಿರುತ್ತಿತ್ತು. ಬ್ರೂಗೆ ನಗರದಲ್ಲಿ ಈಗ ವಸ್ತುಸಂಗ್ರಹಾಲಯವಾಗಿರುವ ಗ್ರೂಟ್‌ಹೂಸೆ ಅರಮನೆ ಆ ಹಕ್ಕಿನಿಂದಲೇ ಸಿರಿವಂತವಾದ ಮನೆತನದ್ದು. ಹಾಪ್ಸ್ ಪಾನೀಯವನ್ನು ಕೆಡದಂತೆ ಕಾಪಾಡುತ್ತದೆಂದು ಬಿಂಗೆನ್ನಿನ ಸನ್ಯಾಸಿನಿ ಹಿಲ್ಡೆಗಾರ್ಡ್ 12ನೆಯ ಶತಮಾನದಲ್ಲೇ ಬರೆದಿದ್ದಳು. ದೂರ ಸಾಗಿಸಿ ಮಾರುವ ವರ್ತಕನಿಗೆ ಬೇಕಾಗಿದ್ದುದೂ ಅದೇ ಗುಣ. 1516ರಲ್ಲಿ ಬವೇರಿಯದ ಶಾಸನವು ಬಿಯರಿಗೆ ಬಾರ್ಲಿ, ಹಾಪ್ಸ್, ನೀರು ಇಷ್ಟೇ ಸಾಕೆಂದು ವಿಧಿಸಿತು. ಇಂಗ್ಲೆಂಡಿನಲ್ಲಿ ಹಾಪ್ಸ್ ಮೇಲೆ ತೆರಿಗೆ ಹಾಕಿದಾಗ, ವ್ಯಾಪಾರಕ್ಕಾಗಿ ಬಿಯರ್ ತಯಾರಿಸುವವರು ಬೇರೆ ಕಹಿಪದಾರ್ಥ ಬೆರೆಸಕೂಡದೆಂದು 1710ರ ಕಾಯಿದೆ ನಿರ್ಬಂಧಿಸಿತು. ಶುದ್ಧತೆಯ ಮಾತಿನ ಹಿಂದೆ ಬೊಕ್ಕಸದ ಲೆಕ್ಕವೂ ಇತ್ತು.

ಆದರೂ ಸಂಬಾರ ಅಳಿಯಲಿಲ್ಲ. ಕಾನೂನಿನ ಕಣ್ಣು ತಯಾರಕನ ಹಂಡೆಯ ಮೇಲಿತ್ತು, ಕುಡಿಯುವವನ ಬೋಗುಣಿಯ ಮೇಲಲ್ಲ. ಇಂಗ್ಲಿಷರ ‘ವಾಸೇಲ್’ ಎಂಬ ಮಾತಿನ ಮೂಲಾರ್ಥ ‘ಆರೋಗ್ಯವಾಗಿರು’ ಎಂಬ ಹರಕೆ. ಆ ಹೆಸರಿನ ಬೋಗುಣಿಯಲ್ಲಿ ಬಿಸಿ ಏಲ್‌ಗೆ ಸಕ್ಕರೆ, ಶುಂಠಿ, ಜಾಯಿಕಾಯಿ ಬೆರೆಸಿ, ಸುಟ್ಟ ಸೇಬಿನ ತಿರುಳನ್ನು ತೇಲಬಿಡುತ್ತಿದ್ದರು. ಆ ತಿರುಳಿನ ಬಿಳಿನೊರೆಯಿಂದಲೇ ಅದಕ್ಕೆ ‘ಕುರಿಮರಿಯ ಉಣ್ಣೆ’ ಎಂಬ ಹೆಸರು ಬಂದಿತೆನ್ನುತ್ತಾರೆ. ಜಾಯಿಕಾಯಿ ಬಾಂದಾ ದ್ವೀಪಗಳದ್ದು. ಶುಂಠಿ, ಮೆಣಸು ನಮ್ಮ ಪಶ್ಚಿಮ ತೀರದಿಂದಲೂ ಹಡಗೇರಿದವು. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ‘ಮೆಣಸಿನ ರಾಣಿ’ ಎಂದು ಕರೆದದ್ದೂ ಬವೇರಿಯದ ಶಾಸನ ಹುಟ್ಟಿದ ಆ 16ನೆಯ ಶತಮಾನದಲ್ಲಿಯೇ.

1975ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದ ಆಂಕರ್ ಸಂಸ್ಥೆಯ ಒಡೆಯ ಫ್ರಿಟ್ಜ್ ಮೇಟ್ಯಾಗ್ ಕ್ರಿಸ್‌ಮಸ್ ಏಲನ್ನು ಹೊರತಂದರು. ಮುಂದೆ ಅದಕ್ಕೆ ಸಂಬಾರವೂ ಸೇರಿತು. ಪ್ರತಿವರ್ಷ ಪಾಕ ಬೇರೆ, ಸೀಸೆಯ ಮೇಲಿನ ಮರದ ಚಿತ್ರವೂ ಬೇರೆ. ಪಾಕದ ಗುಟ್ಟನ್ನು ಮಾತ್ರ ಬಿಟ್ಟುಕೊಡಲಿಲ್ಲ. ಇಂಥ ಬಿಯರ್ ತಯಾರಿಸುವವರು ದಾಲ್ಚಿನ್ನಿ, ಲವಂಗಗಳನ್ನು ಸಾಮಾನ್ಯವಾಗಿ ಕುದಿಯ ಕೊನೆಯಲ್ಲಿ, ಅಳತೆಯರಿತು ಹಾಕುತ್ತಾರೆ. ಹೆಚ್ಚು ಹೊತ್ತು ಕುದಿಸಿದರೆ ಪರಿಮಳ ಹಾರಿಹೋಗುತ್ತದೆ, ಅಳತೆ ಮೀರಿದರೆ ಲವಂಗವೊಂದೇ ಉಳಿಯುತ್ತದೆ. ನಮ್ಮ ಸಾರಿನ ಒಗ್ಗರಣೆ ಬಲ್ಲವರಿಗೆ ಇದನ್ನು ವಿವರಿಸಬೇಕಿಲ್ಲ.

2023ರಲ್ಲಿ ಆಂಕರ್ ಬಾಗಿಲು ಮುಚ್ಚಿತು. ಒಂದು ಕಾಲದಲ್ಲಿ ಮನೆಮನೆಯ ಕರ್ತವ್ಯವಾಗಿದ್ದುದನ್ನು ಕಾರ್ಖಾನೆಗೆ ಒಪ್ಪಿಸಿದ ಮೇಲೆ, ಅದರ ಆಯುಸ್ಸು ಲಾಭನಷ್ಟದ ಪುಸ್ತಕಕ್ಕೆ ಸೇರಿತು. ಶಾಸನ ಮತ್ತು ಸುಂಕಗಳನ್ನು ದಾಟಿ ಆ ರುಚಿಯನ್ನು ಉಳಿಸಿದವರು ಹೆಸರಿಲ್ಲದ ಮನೆಗಳವರು. ಅವರ ಪಾಕಗಳಲ್ಲಿ ಬಹುಪಾಲನ್ನು ಯಾರೂ ಬರೆದಿಡಲಿಲ್ಲ.