ಬುಟ್ಟಿಯಲ್ಲಿ ಕಾಯುವ ಮೊಳಕೆ

ಕೊಚ್ಚಿಯ ಸುತ್ತಲಿನ ಪೊಕ್ಕಾಳಿ ಗದ್ದೆಗಳಿಗೆ ಬೇಸಿಗೆಯಲ್ಲಿ ಹಿನ್ನೀರಿನ ಉಪ್ಪು ನುಗ್ಗುತ್ತದೆ. ಆಗ ಅಲ್ಲಿ ಸಿಗಡಿ ಸಾಕಣೆ; ಮುಂಗಾರು ಉಪ್ಪನ್ನು ತೊಳೆದ ಮೇಲೆ ಭತ್ತ. ಆದರೆ ಮಳೆ ಯಾವಾಗ ಸಾಕಷ್ಟು ತೊಳೆದೀತೆಂದು ಮೊದಲೇ ಹೇಳಲಾಗದು. ಅವಸರಪಟ್ಟು ಬಿತ್ತಿದರೆ ಎಳೆಸಸಿ ಉಪ್ಪಿಗೆ ಬಾಡುತ್ತದೆ. ತಡಮಾಡಿದರೆ ಸಿಹಿನೀರಿನ ದಿನಗಳು ಕೈತಪ್ಪುತ್ತವೆ.

ರೈತರು ಇದಕ್ಕೆ ಕಂಡುಕೊಂಡ ಉಪಾಯ ಒಂದು ಬುಟ್ಟಿ. ತೆಂಗಿನ ಗರಿಯ ಬುಟ್ಟಿಯೊಳಗೆ ಬಾಳೆ ಇಲ್ಲವೆ ತೇಗದ ಎಲೆ ಹಾಸಿ, ಬೀಜ ತುಂಬಿ, ನಾರಿನ ಹಗ್ಗದಿಂದ ಬಿಗಿದು, ಸಿಹಿನೀರಿನ ಕೊಳದಲ್ಲಿ 12ರಿಂದ 15 ಗಂಟೆ ಮುಳುಗಿಸುತ್ತಾರೆ. ಬಳಿಕ ನೆರಳಿನಲ್ಲಿಡುತ್ತಾರೆ. ಬೇರಿನ ಮೊನೆ ಹಣಕಿ ಅಲ್ಲೇ ನಿಲ್ಲುತ್ತದೆ. 30 ದಿನಕ್ಕೂ ಹೆಚ್ಚು ಹಾಗೇ ಕಾಯಬಲ್ಲದು. ಗದ್ದೆ ಹದಕ್ಕೆ ಬಂದಾಗ 3ರಿಂದ 6 ಗಂಟೆ ಮತ್ತೆ ನೆನೆಸಿ, ಮಣ್ಣಿನ ಗುಡ್ಡೆಗಳ ನೆತ್ತಿಯ ಮೇಲೆ ಬಿತ್ತುತ್ತಾರೆ. ಗುಡ್ಡೆಯ ಉಪ್ಪು ಮಳೆಗೆ ಬೇಗ ಇಳಿಯುತ್ತದೆ.

ಉಪ್ಪುನೆಲದಲ್ಲಿ ನೀರಿದ್ದರೂ ಬೀಜಕ್ಕೆ ಅದನ್ನು ಎಳೆದುಕೊಳ್ಳುವುದು ಕಷ್ಟ. ಮೊದಲೇ ಸಿಹಿನೀರು ಕುಡಿದ ಬೀಜ ಅರ್ಧ ಕೆಲಸ ಮುಗಿಸಿಯೇ ಗದ್ದೆಗೆ ಬರುತ್ತದೆ.

ಈ ತಿಳಿವಳಿಕೆ ಹಳೆಯದು. ಸೌತೆ ಬೀಜವನ್ನು ಹಾಲಿನಲ್ಲೋ ನೀರಿನಲ್ಲೋ ನೆನೆಸಿದರೆ ಬೇಗ ಮೊಳೆಯುತ್ತದೆಂದು ಗ್ರೀಸಿನ ಥಿಯೋಫ್ರಾಸ್ಟಸ್ 2,200 ವರ್ಷಗಳಿಗೂ ಹಿಂದೆ ಬರೆದಿದ್ದ. ವರಾಹಮಿಹಿರನ ‘ಬೃಹತ್ಸಂಹಿತೆ’ಯ ವೃಕ್ಷಾಯುರ್ವೇದ ಅಧ್ಯಾಯದಲ್ಲೂ ಬೀಜವನ್ನು ಹಾಲಿನಲ್ಲಿ ನೆನೆಸುವ ವಿಧಾನವಿದೆ. 1973ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ವಾಲ್ಟರ್ ಹೈಡೆಕರ್ ಮತ್ತು ಸಂಗಡಿಗರು ಪಾಲಿಎಥಿಲೀನ್ ಗ್ಲೈಕಾಲ್ ದ್ರಾವಣದಲ್ಲಿ ಬೀಜ ಇಟ್ಟು ನೋಡಿದರು. ಉಪ್ಪಿನಂತೆಯೇ ಆ ದ್ರಾವಣವೂ ನೀರನ್ನು ಹಿಡಿದಿಡುತ್ತದೆ. ಬೀಜ ಒಳಗೊಳಗೇ ಸಜ್ಜಾಗುತ್ತದೆ, ಬೇರು ಮಾತ್ರ ಹೊರಬರುವುದಿಲ್ಲ. ತರಕಾರಿ ಬೀಜಗಳಲ್ಲಿ ಇಂದು ವ್ಯಾಪಕವಾಗಿರುವ ‘ಪ್ರೈಮಿಂಗ್’ ಬೆಳೆದದ್ದು ಇಂಥ ಪ್ರಯೋಗಗಳಿಂದ.

ಕೊಚ್ಚಿಯ ವೈಟ್ಟಿಲದ ಭತ್ತ ಸಂಶೋಧನಾ ಕೇಂದ್ರ, ತಿರುವನಂತಪುರದ ಬಳಿ 1955ರಲ್ಲಿ ಶುರುವಾದ ವೆಳ್ಳಾಯಣಿಯ ಕೃಷಿ ಕಾಲೇಜು ಎರಡೂ ಇಂದು ಕೇರಳ ಕೃಷಿ ವಿಶ್ವವಿದ್ಯಾಲಯದವು. ಬಿತ್ತುವ ಮೊದಲು ಬೀಜಕ್ಕೆ ಸ್ಯೂಡೋಮೊನಾಸ್ ಲೇಪಿಸಲು ವಿಶ್ವವಿದ್ಯಾಲಯ ರೈತರಿಗೆ ಹೇಳುತ್ತದೆ. ಹಾಗಲದಂಥ ಗಟ್ಟಿ ಸಿಪ್ಪೆಯ ಬೀಜವನ್ನು ನೆನೆಸಿ ಬಿತ್ತುವುದು ಹಿತ್ತಲಿನಲ್ಲೂ ರೂಢಿ.

ವಿಜ್ಞಾನಿಗಳ ನಡುವೆ ಪೊಕ್ಕಾಳಿ ಹೆಸರಾದದ್ದು ‘ಸಾಲ್ಟಾಲ್’ ಎಂಬ ವಂಶವಾಹಿ ಭಾಗದಿಂದ. ಅದು ಕಾಯುವುದು ಮುಖ್ಯವಾಗಿ ಸಸಿಯನ್ನು. ಬೀಜವನ್ನು ಸಸಿಯ ಹಂತಕ್ಕೆ ಸರಿಯಾದ ದಿನ ತಲುಪಿಸುವುದು ಬುಟ್ಟಿ ಕಟ್ಟುವವರ ಕೈ.

ಪೊಕ್ಕಾಳಿ ಗದ್ದೆಗಳು ಕಿರಿದಾಗುತ್ತಿವೆ. ಕುಮಟಾದ ಅಘನಾಶಿನಿ ದಂಡೆಯ ಗಜನಿಗಳಲ್ಲಿ ಬೆಳೆಯುವ ಕಗ್ಗ ಭತ್ತದ ಪಾಡೂ ಇದೇ. ಬೀಜವನ್ನು ಶೀತಾಗಾರದಲ್ಲಿ ಕಾಪಿಡಬಹುದು. ಅದನ್ನು ಎಷ್ಟು ಹೊತ್ತು ನೆನೆಸಬೇಕು, ಯಾವಾಗ ಬುಟ್ಟಿ ಬಿಚ್ಚಬೇಕು ಎಂಬುದು ಗದ್ದೆಯಲ್ಲಿ ಬಿತ್ತನೆ ನಡೆಯುವವರೆಗೆ ಮಾತ್ರ ಉಳಿಯುತ್ತದೆ.